ಬೊಂತೆಯ ಬೆನ್ನು ಹತ್ತಿ ಐದು ಊರು

ಕಳೆದ ವರ್ಷ ನಮ್ಮ ಮನೆಯಲ್ಲೊಂದು ತಪ್ಪು ನಡೆದುಹೋಯಿತು. ತಾಯಿಯವರು ಲಿಂಗೈಕ್ಯರಾದ ಮೂರು ತಿಂಗಳ ತರುವಾಯ ಅಟ್ಟವನ್ನು ಚೊಕ್ಕಟಗೊಳಿಸುತ್ತಿದ್ದಾಗ, ಹಳೆಯ ಸೀರೆಯೊಂದರಲ್ಲಿ ಕಟ್ಟಿಟ್ಟ ಬಟ್ಟೆ ತುಂಡುಗಳ ಗಂಟು ಸಿಕ್ಕಿತು. ಕುಪ್ಪಸ ಹೊಲಿದು ಉಳಿದ ಖಣದ ಚೂರು, ತಂದೆಯವರ ಧೋತರದ ಅಂಚು, ಮಕ್ಕಳ ಲಂಗದ ನೆರಿಗೆ, ಗುಂಡಿ ಬಿಡಿಸಿಕೊಂಡ ಅಂಗಿಗಳು. ಸೀರೆಯನ್ನು ಒಗೆಯಲು ತೆಗೆದಿಟ್ಟು, ತುಂಡುಗಳನ್ನೆಲ್ಲ ಬಾಗಿಲಿಗೆ ಬಂದ ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಡಬ್ಬಿಯೊಂದನ್ನು ಪಡೆದೆವು. ಸಂಜೆ ಬಂದ ಸೋದರತ್ತೆಯವರು, "ಅಯ್ಯೋ, ಅದು ಬೊಂತೆಗೆಂದು ಇಟ್ಟದ್ದಲ್ಲವೇ? ಮೊಮ್ಮಗಳ ಬಾಣಂತನಕ್ಕಾದೀತೆಂದು ಹನ್ನೆರಡು ವರ್ಷ ಕೂಡಿಸಿದ್ದಳು" ಎಂದರು. ನಮಗೆ ಮಾತು ಹೊರಡಲಿಲ್ಲ.

ಉಳಿದಿದ್ದ ಆ ಒಂದು ಸೀರೆಯನ್ನು ಚೀಲದಲ್ಲಿಟ್ಟುಕೊಂಡು, ಈ ಮಾಗಿಯಲ್ಲಿ ತಾಯಿಯವರ ತವರಿನ ಕಡೆಗೆ ಹೊರಟೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳಲ್ಲಿ ನಮ್ಮ ಬಂಧುಗಳಿದ್ದಾರೆ. 2021ರಲ್ಲಿ ಹೊಸದಾಗಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಇವೆಲ್ಲ ಸೇರಿವೆ. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಕಡೆಗೆ ಇಲ್ಲಿಗೆ ಬಂದಿದೆ. ತುಂಡು ತುಂಡು ಕೂಡಿಸಿ ಹೊಲಿದ ಈ ಜಿಲ್ಲೆಯೂ ಒಂದು ಬೊಂತೆಯೇ ಸರಿ ಎಂದು ನಮ್ಮ ಮಾವನವರು ನಗೆಯಾಡಿದರು.

ಕೂಡ್ಲಿಗಿಯಲ್ಲಿ ಮೊದಲು ದರ್ಶನ ಮಾಡಿದ್ದು ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವನ್ನು. ಬಂದ ಕಾಗದಗಳ ಖಾಲಿ ಬೆನ್ನಿನ ಮೇಲೆಯೇ ಬರೆಯುತ್ತಿದ್ದ ಆ ಮಹಾನುಭಾವರ ನೆನಪಿನೆದುರು ನಿಂತಾಗ, ಚೀಲದಲ್ಲಿದ್ದ ಸೀರೆ ನಮ್ಮನ್ನು ಮತ್ತೊಮ್ಮೆ ಚುಚ್ಚಿತು. ಅಲ್ಲಿನ ಬಂಧುಗಳ ಮನೆಯಲ್ಲಿ ಅಂದು ರಾತ್ರಿ ನಮಗೆ ಹೊದೆಯಲು ಕೊಟ್ಟದ್ದು ಅಂಗಡಿಯ ನುಣುಪಾದ ರಗ್ಗು. ಬೊಂತೆಯನ್ನು ಕೇಳಿದೆವು. ಕಾಳು ಒಣಗಿಸಲು ಮಾಳಿಗೆಯ ಮೇಲೆ ಹಾಸಿದ್ದಾರೆಂದು ತಿಳಿಯಿತು.

ಕೊಟ್ಟೂರಿನಲ್ಲಿ ಗುರು ಬಸವೇಶ್ವರರ ಸನ್ನಿಧಿಗೆ ನಮಸ್ಕರಿಸಿ ಬಂಧುಗಳ ಮನೆಗೆ ಹೋದಾಗ, ಪಡಸಾಲೆಯಲ್ಲಿ ಹಿರಿಯ ತಾಯಿಯೊಬ್ಬರು ಬೊಂತೆ ಹೊಲಿಯುತ್ತ ಕುಳಿತಿದ್ದರು. ನಾವು ಅರ್ಧ ದಿನ ಅಲ್ಲಿಂದ ಏಳಲಿಲ್ಲ. ಮೊದಲು ಗಟ್ಟಿಯಾದ ಹಳೆಯ ಸೀರೆಯನ್ನು ನೆಲಕ್ಕೆ ಬಿಗಿದು ಹಾಸುವರು. ಅದರ ಮೇಲೆ ಸವೆದ ಧೋತರ, ಪಂಚೆಗಳ ಪದರ. ಕಣ್ಣಿಗೆ ಕಾಣುವ ಮೇಲ್ಪದರಕ್ಕೆ ಬಣ್ಣದ ಚೂರುಗಳು. ಹೊಲಿಗೆ ಅಂಚಿನಿಂದ ಮೊದಲಾಗಿ ಸುತ್ತು ಸುತ್ತಾಗಿ ನಡುವಿನತ್ತ ಸಾಗುತ್ತದೆ. ಸಾಲು ಸಾಲಿಗೂ ಬೆರಳಗಲಕ್ಕಿಂತ ಹೆಚ್ಚು ಎಡೆ ಬಿಟ್ಟರೆ ಒಗೆದಾಗ ಒಳಪದರ ಮುದ್ದೆಯಾಗುತ್ತದೆಯಂತೆ. ಹೀಗೆ ಒತ್ತೊತ್ತಾಗಿ ಹೊಲಿದಾಗ ಪದರಗಳ ನಡುವೆ ಗಾಳಿ ನಿಲ್ಲುವುದರಿಂದಲೇ ಬೊಂತೆ ಚಳಿಯಲ್ಲಿ ಬೆಚ್ಚಗಿರುತ್ತದೆ. ಹತ್ತಿಯ ಬಟ್ಟೆಯಾದ್ದರಿಂದ ಬೆವರನ್ನೂ ಹೀರುತ್ತದೆ. ಹೊಸ ಬಟ್ಟೆ ಕೂಸಿನ ಮೈಗೆ ಒರಟು, ನೂರು ಸಲ ಒಗೆದದ್ದೇ ಮೃದು ಎಂದು ಆ ತಾಯಿ ಹೇಳಿದರು. ಇದೇ ಊರಿನಲ್ಲಿ ತೊಟ್ಟಿಲು ಮಠವೂ ಇದೆಯೆಂಬುದು ಆಗ ನೆನಪಾಯಿತು.

ಬೊಂತೆ ನಮ್ಮ ಶರಣಪರಂಪರೆಗೂ ಹೊರತಾದುದಲ್ಲ. ಹನ್ನೆರಡನೆಯ ಶತಮಾನದ ಬೊಂತಾದೇವಿಯನ್ನು ಬಲ್ಲೆವಷ್ಟೆ. ಕಾಶ್ಮೀರದ ಅರಸುಮನೆತನದ ಈಕೆಯ ಮೊದಲ ಹೆಸರು ನಿಜದೇವಿ. ಉಟ್ಟುದನ್ನು ತೊರೆದು ಹೊರಟಾಗ ಶಿವನು ಬೊಂತೆಯೊಂದನ್ನು ಕೊಟ್ಟನು, ಅದರಿಂದ ಬೊಂತಾದೇವಿಯಾದಳು ಎಂಬುದು ಐತಿಹ್ಯ. ಅರಮನೆಯ ಪೀತಾಂಬರವಲ್ಲ, ಚಿಂದಿಯ ಹೊದಿಕೆಯೇ ಶರಣೆಯ ಹೆಸರಾಗಿ ನಿಂತಿದೆ.

ಹಗರಿಬೊಮ್ಮನಹಳ್ಳಿಯ ಸುತ್ತಿನಲ್ಲಿ ಲಂಬಾಣಿ ತಾಂಡಾಗಳು ಹಲವು. ಬಟ್ಟೆಯ ಚೂರಿಗೆ ಕನ್ನಡಿ, ಕವಡೆ, ಹಳೆಯ ನಾಣ್ಯಗಳನ್ನು ಕೂಡಿಸಿ ಅವರು ಹೊಲಿಯುವ ಕಸೂತಿಯನ್ನು ವರ್ಣಿಸಬೇಕಾಗಿಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಡನೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಲಾಯಿತು. ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಾಂದ್ ಎಂಬ ಕೌದಿಯೂ ಇಂದು ದೂರದೇಶಗಳ ಕಲಾಪ್ರೇಮಿಗಳ ಮೆಚ್ಚುಗೆ ಗಳಿಸಿದೆ. ಹೊರಗಿನವರು ಗೋಡೆಗೆ ತೂಗುಹಾಕುವುದನ್ನು ನಾವು ಕಾಳು ಒಣಗಿಸಲು ಹಾಸುತ್ತಿದ್ದೇವೆ!

ಹಡಗಲಿ ಮಲ್ಲಿಗೆಯ ಊರು. ಮೊಗ್ಗು ಕಟ್ಟುವ ಹೆಣ್ಣುಮಕ್ಕಳ ಕೈಯಲ್ಲಿದ್ದುದು ಬಾಳೆಯ ನಾರು. ಗೊನೆ ಕಡಿದ ಮೇಲೆ ದಿಂಡಿನಿಂದ ಬೇರೇನು ಪ್ರಯೋಜನ ಎನ್ನುವವರು ಅದನ್ನು ನೋಡಬೇಕು. ತೇವವಿರುವ ಆ ನಾರು ಎಳೆಮೊಗ್ಗನ್ನು ಕೊಯ್ಯದೆ ಹಿಡಿಯುತ್ತದೆ, ಬಾಡಿದ ಮೇಲೆ ಹೂವಿನೊಡನೆ ಮಣ್ಣಿಗೇ ಸೇರುತ್ತದೆ.

ಕಡೆಯದಾಗಿ ಹರಪನಹಳ್ಳಿ. ಇಲ್ಲಿ ಕೂಲಿಗೆ ಬೊಂತೆ ಹೊಲಿದುಕೊಡುವ ವೃದ್ಧೆಯೊಬ್ಬರ ಮನೆಗೆ ನಮ್ಮ ಅತ್ತಿಗೆಯವರು ಕರೆದೊಯ್ದರು. ಸೀರೆಯನ್ನು ಬಿಡಿಸಿ ಮುಂದಿಟ್ಟೆವು. ಅವರು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಯಾರದು?" ಎಂದು ಕೇಳಿದರು. ಹೇಳಿದೆವು. ಡಬ್ಬಿಯ ಕಥೆಯನ್ನೂ ಮುಚ್ಚಿಡಲಿಲ್ಲ. ಕೂಲಿಯ ಮಾತು ಬಂದಾಗ, ಹಳೆಯ ಬಟ್ಟೆಗೆ ಇಷ್ಟು ಹಣವೇ ಎಂಬ ಮಾತು ನಮ್ಮ ಬಾಯಿಂದ ಜಾರಿಬಿಟ್ಟಿತು. ಅವರು ಸಿಟ್ಟಾಗಲಿಲ್ಲ. "ಚಿಂದಿಗೆ ಬೆಲೆಯಿಲ್ಲ, ಒಪ್ಪಿದೆ. ಇಪ್ಪತ್ತು ದಿನ ಬಾಗುವ ನನ್ನ ಬೆನ್ನಿಗೂ ಇಲ್ಲವೇ?" ಎಂದರು.

ಕಾಯಕದ ಹಿರಿಮೆಯನ್ನು ವೇದಿಕೆಯಲ್ಲಿ ಕೊಂಡಾಡುವ ನಾವು ಮನೆಯ ಹೆಣ್ಣಿನ, ನೆರೆಯ ಮುದುಕಿಯ ಸೂಜಿಯನ್ನು ಕಾಯಕವೆಂದು ಎಣಿಸಿಯೇ ಇರಲಿಲ್ಲ. ತಾಯಿಯವರ ಹನ್ನೆರಡು ವರ್ಷಗಳನ್ನು ಡಬ್ಬಿಗೆ ಮಾರಿದ್ದೂ ಇದೇ ಕುರುಡುತನದಿಂದ. ಕೇಳಿದ ಕೂಲಿಯನ್ನು ಪೂರ್ತಿ ಕೊಡಲು ಒಪ್ಪಿ ಕೈಮುಗಿದೆವು.

"ಒಂದೇ ಸೀರೆಯಿಂದ ಬೊಂತೆಯಾಗುವುದಿಲ್ಲ, ಮನೆಯವರೆಲ್ಲರ ಬಟ್ಟೆ ತನ್ನಿ" ಎಂದು ಅವರು ಹೇಳಿಕಳಿಸಿದರು. ಈಗ ನಮ್ಮ ಮನೆಯಲ್ಲಿ ಹೊಸ ಗಂಟೊಂದು ಬೆಳೆಯುತ್ತಿದೆ. ಮಗನ ಶಾಲೆಯ ಅಂಗಿ, ಸೊಸೆಯ ಚೂಡಿದಾರದ ದುಪಟ್ಟಾ, ಮಗಳ ಹಳೆಯ ಜೀನ್ಸೂ ಅದರಲ್ಲಿವೆ. ತಾಯಿಯವರ ಸೀರೆ ಎಲ್ಲಕ್ಕೂ ಕೆಳಗಿನ ಹಾಸಾಗಲಿದೆ.

ಓದುಗ ತಾಯಂದಿರಲ್ಲಿ, ಸೋದರಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಅಟ್ಟದಲ್ಲಿಯೂ ಇಂಥದೊಂದು ಗಂಟಿದ್ದರೆ, ಪಾತ್ರೆಯವನು ಕೂಗುವ ಮೊದಲು ಬಿಚ್ಚಿ ನೋಡಿರಿ. ಯಾರು, ಯಾರಿಗಾಗಿ ಕಟ್ಟಿಟ್ಟರೆಂದು ಮನೆಯ ಹಿರಿಯರನ್ನು ಕೇಳಿರಿ. ಹೊಲಿಯಬಲ್ಲ ಕೈಗಳು ನಿಮ್ಮ ಊರಿನಲ್ಲಿ ಇನ್ನೂ ಇದ್ದಾವು. ಚೌಕಾಸಿ ಮಾಡದೆ ಅವರ ಬಾಗಿಲಿಗೆ ಹೋಗಿರಿ.