ಎಣ್ಣಿ ಬದಲಿ ಮಾಡಿದ್ದು, ಫ್ಲಶ್ ಬ್ಯಾಡ ಅಂದದ್ದು

ಹೋದ ರವಿವಾರ ಮುಂಜಾನೆ ನಾನು ನಮ್ಮ ಅಂಗಳದಾಗ ಕಾರಿನ ಕೆಳಗ ಮಲಗಿದ್ದೆ. ಕೊತ್ತಂಬರಿ ಕೇಳಾಕ ಬಂದ ಬಾಜೂ ಮನಿಯಾಕಿ ನನ್ನ ಕಾಲಷ್ಟ ಕಂಡು ಹೌಹಾರಿ, "ಅಯ್ಯ ಶಿವನ, ಅಕ್ಕಾರಿಗೆ ಏನಾತ್ರೀ!" ಅಂತ ಚೀರಿದ್ಲು. "ಏನೂ ಆಗಿಲ್ಲವಾ, ಎಣ್ಣಿ ಇಳಸಾಕ ಹತ್ತೀನಿ" ಅಂದೆ. ಆಕಿ ಒಮ್ಮೆ ನನ್ನ ಕಾಲು ನೋಡಿದ್ಲು, ಒಮ್ಮೆ ಕುರ್ಚಿ ಮ್ಯಾಲ ಕುಂತ ಇವರ ಮಾರಿ ನೋಡಿದ್ಲು, ಕೊತ್ತಂಬರಿ ಮರತ ಹೋದ್ಲು.

ಇಲ್ಲಿತನಕ ನಾನು ಬರದದ್ದೆಲ್ಲಾ ಅಗಸಿ ಹಿಂಡಿ, ಹಪ್ಪಳ, ಮಾವಿನಕಾಯಿ ಉಪ್ಪಿನಕಾಯಿದ್ದ. ಇವತ್ತೂ ಎಣ್ಣಿ ಬಗ್ಗೆನ ಬರೀತೀನಿ, ಆದ್ರ ಕುಸುಬಿ ಎಣ್ಣಿ ಅಲ್ಲ, ಇಂಜಿನ್ ಎಣ್ಣಿ. ನಗಬ್ಯಾಡ್ರಿ.

ನಮ್ಮದು 2006ನೇ ಇಸವಿಯ ಮಾರುತಿ 800. ಕಂಪನಿಯವರು ಆ ಗಾಡಿ ಮಾಡೂದನ್ನ 2014ರಾಗ ಬಿಟ್ಟರು, ನಾವು ಬಿಟ್ಟಿಲ್ಲ. ಇವರು ಹೈಸ್ಕೂಲಿನ್ಯಾಗ ಮಾಸ್ತರಿದ್ರು. ಗಾಡಿ ತಗೊಂಡಾಗಿಂದ ಅದರ ಎಣ್ಣಿ ಬದಲಿ ಮಾಡೂದು ಇವರದ ಕೆಲಸ. 5000 ಕಿಲೋಮೀಟರ್ ಆಗಲಿ, ಇಲ್ಲಾ ಒಂದು ವರ್ಷ ಆಗಲಿ, ಯಾವುದು ಮೊದಲ ಬರತೈತೋ ಅವತ್ತಿನ ರವಿವಾರ ಹಳೇ ಲುಂಗಿ ಉಟಗೊಂಡು ಕೆಳಗ ಹೋಗೂದು. ಅರಿವಿ ಚೂರು ಕೊಡೂದು, ಚಾ ಕೊಡೂದು, ಇಷ್ಟ ನನ್ನ ಪಾಲಿನ ಕೆಲಸ ಆಗಿತ್ತು. ಎಲ್ಲಾ ಒಂದು ನೋಟಬುಕ್ಕಿನ್ಯಾಗ ಬರದಿಡತಿದ್ರು: ತಾರೀಖು, ಕಿಲೋಮೀಟರ್, ಎಣ್ಣಿ ಎಷ್ಟು, ಫಿಲ್ಟರ್ ಹೊಸಾದೋ ಹಳೇದೋ.

ಎರಡು ವರ್ಷದ ಹಿಂದ ಇವರಿಗೆ ಬೆನ್ನಿನ ಆಪರೇಷನ್ ಆತು. ಬಗ್ಗಬಾರದು, ಭಾರ ಎತ್ತಬಾರದು ಅಂದ್ರು ಡಾಕ್ಟರು. ಗಾಡಿ ಹದಿನಾಲ್ಕು ತಿಂಗಳ ನಿಂತಲ್ಲೇ ನಿಂತತು. ಬ್ಯಾಟರಿ ಹೋಗಬಾರದಂತ ಆಗೊಮ್ಮೆ ಈಗೊಮ್ಮೆ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡತಿದ್ವಿ. ಅದೂ ತಪ್ಪಂತ. ಇಂಜಿನ್ ಪೂರ್ತಿ ಕಾಯೂದಿಲ್ಲ, ಒಳಗಿನ ಹಸಿ ಆರೂದಿಲ್ಲ, ಅದು ಎಣ್ಣಿಯಾಗ ಕೂಡತೈತಿ. ಅರ್ಧಾ ಬೆಂದ ಅಕ್ಕಿ ಮುಚ್ಚಿಟ್ಟಂಗ.

ಇವರ ಮಾತೂ ಗಾಡಿಯಂಗ ನಿಂತಿತ್ತು. ಮದಲ ಪಲ್ಯೆಕ್ಕ ಉಪ್ಪು ಒಂಚೂರು ಹೆಚ್ಚಾದ್ರ ಹತ್ತು ಮಾತು ಆಡಾವರು, ಈಗ ಏನು ಕೇಳಿದ್ರೂ "ಆತು" ಅನ್ನೂದು. ಯಾವ ಪಲ್ಯೆ ಮಾಡ್ಲಿ? ಆತು. ಮಗಾ ಫೋನ್ ಮಾಡ್ಯಾನ. ಆತು. ನನಗ ಆಪರೇಷನ್‌ಕ್ಕಿಂತ ಈ "ಆತು" ಹೆಚ್ಚ ಅಂಜಿಕಿ ಹಚ್ಚಿತ್ತು.

ತಪಾಸಣಿಗೆ ತಿಂಗಳಿಗೊಮ್ಮೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಬೇಕಲ್ಲ. ಬಸ್ಸಿನ್ಯಾಗ ಇವರಿಗೆ ಕುಂದ್ರಾಕ ಆಗೂದಿಲ್ಲ. ನನ್ನ 53ನೇ ವಯಸ್ಸಿನ್ಯಾಗ ನಾನ ಗಾಡಿ ಹೊಡಿಯೂದು ಕಲತೆ. ಕಲತ ಮ್ಯಾಲ ಎಣ್ಣಿ ಮಾತು ಬಂತು. ಪುಣೆದಾಗಿನ ಮಗಾ ಫೋನಿನ್ಯಾಗ, "ಅವ್ವಾ, ಭಾಳ ದಿನಾ ನಿಂತ ಗಾಡಿ. ಎಣ್ಣಿ ಹಾಕೂ ಮುಂಚೆ ಫ್ಲಶ್ ಮಾಡಸು, ಒಳಗಿನ ಹೊಲಸೆಲ್ಲಾ ತೊಳದು ಹೋಗತೈತಿ" ಅಂದ. ಕುರ್ಚಿ ಮ್ಯಾಲಿಂದ ಇವರೂ "ಹೌದು, ಮಾಡಸಬೇಕು" ಅಂದ್ರು.

ನಾನು "ಸಾಧ್ಯನ ಇಲ್ಲ" ಅಂದೆ.

ಯಾಕಂದ್ರ ನಾನು ಅಣ್ಣಿಗೇರಿ ಹಾದಿ ಮರತಿಲ್ಲ. ನಮ್ಮ ಅಣ್ಣ ಒಂದು ಹಳೇ ಕಾರು ತಗೊಂಡಿದ್ದ. ಮೊದಲಿನವರು ಅದರ ಎಣ್ಣಿ ಯಾವಾಗ ಬದಲಿ ಮಾಡಿದ್ರೋ ದೇವರಿಗೇ ಗೊತ್ತು. ಅವ್ವನ ಕಣ್ಣಿನ ಆಪರೇಷನ್‌ಗೆ ಗದಗದಿಂದ ಹುಬ್ಬಳ್ಳಿಗೆ ಹೋಗೂದಿತ್ತು. ಹಿಂದಿನ ದಿನ ಗ್ಯಾರೇಜಿನಾಂವ "ಒಳಗ ಭಾಳ ಹೊಲಸೈತಿ, ಫ್ಲಶ್ ಮಾಡಿ ಹೊಸಾ ಎಣ್ಣಿ ಹಾಕಿ ಕೊಡ್ತೀನಿ" ಅಂದ, ಮಾಡಿ ಕೊಟ್ಟ. ಮರುದಿನ ಅಣ್ಣಿಗೇರಿ ಸಮೀಪ ಬಂದಾಗ ಎಣ್ಣಿ ಗಿಂಡಿಯಂಥಾ ಕೆಂಪು ದೀಪ ಹತ್ತಿತು. ನಾನು "ಅಣ್ಣಾ, ಏನಿದು?" ಅಂದೆ. "ನಿನ್ನೆನ ಹೊಸಾ ಎಣ್ಣಿ ಹಾಕಸೇನಿ, ಏನಾಗೂದಿಲ್ಲ ಸುಮ್ನ ಕುಂದ್ರು" ಅಂತ ಹಂಗ ಹೊಡದ. ನಾಕೈದು ಕಿಲೋಮೀಟರಿಗೆ ಕಟಕಟ ಸಪ್ಪಳ ಬಂತು, ಆಮ್ಯಾಲ ನಿಂತ ಬಿಟ್ಟತು. 78 ವರ್ಷದ ಅವ್ವ ಬಿಸಲಾಗ ಬೇವಿನ ಗಿಡದ ಕೆಳಗ ಕಲ್ಲಿನ ಮ್ಯಾಲ ಕುಂತಿದ್ಲು. ಬಸ್ ಹಿಡದು ನಾವು ಮುಟ್ಟೂದರಾಗ ಅವತ್ತಿನ ಪಾಳಿ ಮುಗದ ಹೋಗಿತ್ತು. ಆಪರೇಷನ್ ಮುಂದ ಹೋತು.

ಇಂಜಿನ್ ಬಿಚ್ಚಿದಾಗ ಅಣ್ಣ ನನ್ನ ಕರದು ತೋರಿಸಿದ. ಇಂಜಿನ್ ತಳಕ್ಕ ಒಂದು ಎಣ್ಣಿ ತಟ್ಟಿ ಇರತೈತಿ. ಅದರಾಗಿನ ಎಣ್ಣಿ ಪಂಪಿಗೆ ಏರೂ ಬಾಯಾಗ ಚಾ ಸೋಸೂ ಜಾಳಗಿಯಂಥಾದ್ದೊಂದು ಜಾಳಗಿ. ಆ ಜಾಳಗಿ ತುಂಬ ಕರಕಲ ಬೆಲ್ಲದ ಪಾಕದಂಥಾ ಕರೇ ಗಸಿ. ಫ್ಲಶ್ ಅಂದ್ರ ಚಿಮಣಿ ಎಣ್ಣಿಯಂಗ ತೆಳ್ಳನ ದ್ರವ, ಅದರಾಗ ಹೊಲಸು ಬಿಡಸೂ ಔಷಧ. ಹಳೇ ಎಣ್ಣಿಯಾಗ ಹಾಕಿ ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟು ಇಳಸತಾರ. ಗ್ವಾಡಿಗೆ ಗಟ್ಟಿಯಾಗಿ ಹತ್ತಿ ಕುಂತ ಗಸಿ ಬಿಡತೈತಿ, ಆದ್ರ ಬಿಟ್ಟದ್ದೆಲ್ಲಾ ಹೊರಗ ಬರೂದಿಲ್ಲ. ಅರ್ಧಾ ಹೋಗಿ ಜಾಳಗಿ ಕಟ್ಟತೈತಿ. ಆಗ ತಟ್ಟಿ ತುಂಬ ಹೊಸಾ ಎಣ್ಣಿ ಇದ್ರೂ ಮ್ಯಾಲ ಏರೂದಿಲ್ಲ.

ತಪ್ಪು ಪೂರ್ತಿ ಫ್ಲಶ್‌ದ್ದಂತ ನಾನು ಹೇಳೂದಿಲ್ಲ. ವರ್ಷಗಟ್ಟಲೆ ಎಣ್ಣಿ ಬದಲಿ ಮಾಡದ್ದು ಮೊದಲಿನ ತಪ್ಪು, ಕೆಂಪು ದೀಪ ಹತ್ತಿದ ಮ್ಯಾಲೂ ಹೊಡದದ್ದು ಕಡೀ ತಪ್ಪು. ನೀವು ಗಾಡಿ ಹೊಡಿಯಾವರಾದ್ರ ಇದೊಂದು ಮಾತು ನೆನಪಿಡ್ರಿ: ಆ ದೀಪ ಹತ್ತಿದ್ರ ಅಲ್ಲೇ ಬದಿಗೆ ನಿಂದರಸಿ ಇಂಜಿನ್ ಬಂದ್ ಮಾಡ್ರಿ. ಮುಂದಿನ ಊರ ತನಕ ಅನಬ್ಯಾಡ್ರಿ.

ಇದನ್ನೆಲ್ಲಾ ಹೇಳಿದೆ. ಇವರು ಸಿಟ್ಟಿಗೆದ್ರು. "ಹದಿನಾರು ವರ್ಷ ಗಾಡಿ ನೋಡಿದಾಂವ ನಾನು. ನಿನಗೇನ ತಿಳೀತೈತಿ? ನಿಂತ ಎಣ್ಣಿ ಒಳಗ ಏನಾಗಿರತೈತಿ ಗೊತ್ತೇನು?" ಅಂತ ದನಿ ಏರಿಸಿದ್ರು. ಖರೆ ಹೇಳ್ಲೇನು? ನನಗ ಒಳಗೊಳಗ ಸಂತೋಷ ಆತು. ವರ್ಷದ ಮ್ಯಾಲ ಇವರು "ಆತು" ಬಿಟ್ಟು ಬ್ಯಾರೆ ಮಾತಾಡಿದ್ದು ಅವತ್ತ. ಜಗಳ ಮುಗೀಬಾರದು ಅಂತ ನಾನೂ ಬಿಡಲಿಲ್ಲ. "ನಮ್ಮ ಅಮ್ಮ ಬ್ಯಾಸಗಿ ಸೂಟಿಯಾಗ ಹುಡುಗೂರಿಗೆಲ್ಲಾ ಔಡಲೆಣ್ಣಿ ಕುಡಸತಿದ್ಲು ಹೊಟ್ಟಿ ಸ್ವಚ್ಛ ಆಗಲಿ ಅಂತ. ಹಾಸಗಿ ಹಿಡದ ಮುದುಕರಿಗೆ ಕುಡಸತಿದ್ಲೇನು?" ಅಂದೆ. ಇವರು, "ಮದಲ ಮುಚ್ಚಳ ತಗದು ನೋಡು, ಆಮ್ಯಾಲ ವಾದ ಮಾಡು" ಅಂದ್ರು.

ಅದು ಶಾಣ್ಯಾ ಮಾತು. ಬಾನೆಟ್ ತಗದು ಎಣ್ಣಿ ಹಾಕೂ ಮುಚ್ಚಳ ತಿರುವಿದೆ. ಬ್ಯಾಟರಿ ಹಿಡದು ಒಳಗ ನೋಡಿದೆ. ಮುಚ್ಚಳದ ಬೆನ್ನಿಗೆ ಕರೇ ಗಸಿ ದಪ್ಪಗೆ ಹತ್ತಿದ್ರ ಇಂಜಿನ್ ಹೊಲಸಾಗೇತಿ ಅಂತ. ಮಜ್ಜಿಗಿಯಂಗ ಬೆಳ್ಳನ ನೊರಿ ಇದ್ರ ನೀರಿನ ಹಸಿ ಕೂಡೇತಿ ಅಂತ, ಎಣ್ಣಿ ಕಡ್ಡಿಗೂ ಹಂಗ ಬಂದ್ರ ಮೆಕ್ಯಾನಿಕಗ ತೋರಿಸಬೇಕು. ನಮ್ಮದರಾಗ ರೊಟ್ಟಿ ಹಂಚಿನ ಕಂದು ಬಣ್ಣ ಅಷ್ಟ ಇತ್ತು. ನೋಟಬುಕ್ ತಂದು ಇವರ ಮುಂದ ಹಿಡದೆ. "ಹದಿನಾರು ವರ್ಷ ಒಂದೂ ತಪ್ಪಿಸಿಲ್ಲ ನೀವು. ಇದರಾಗ ತೊಳ್ಯಾಕ ಏನೈತಿ?" ಇವರು ಪಾನ ತಿರುವಿ ತಿರುವಿ ನೋಡಿ ಸುಮ್ನಾದ್ರು. ಆಮ್ಯಾಲ ಅವರ ಒಂದು ಹಾದಿ ಹೇಳಿದ್ರು: ಈಗ ಹೊಸಾ ಎಣ್ಣಿ, ಹೊಸಾ ಫಿಲ್ಟರ್ ಹಾಕೂದು, ಬರೇ 1000 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಎರಡೂ ಬದಲಿ ಮಾಡೂದು. ಇಂಜಿನ್ ಎಣ್ಣಿಯಾಗನ ಹೊಲಸು ಬಿಡಸೂ ಗುಣ ಇರತೈತಿ, ಅದು ಸಾವಕಾಶ ತೊಳದು ಫಿಲ್ಟರಿಗೆ ಒಯ್ಯತೈತಿ. ಹಾಕಿದ ಎಣ್ಣಿ ಬಣ್ಣಾ ಕರ್ರಗಾದ್ರ ಕೆಟ್ಟತು ಅಂತಲ್ಲ, ಕೆಲಸಾ ಮಾಡಾಕ ಹತ್ತೇತಿ ಅಂತ.

ಹೋದ ರವಿವಾರ ಮಾಡಿದ್ದು ಆ ಎರಡನೇ ಸಲದ್ದು. ಹೆಂಗ ಮಾಡಿದೆ ಅಂತ ಹೇಳ್ತೀನಿ.

ಮದಲ ಐದು ನಿಮಿಷ ಇಂಜಿನ್ ಚಾಲೂ ಇಟ್ಟೆ. ಬೆಚ್ಚಗಾದ ಎಣ್ಣಿ ಲಗೂ ಇಳೀತೈತಿ, ಭಾಳ ಕಾದ್ರ ಕೈ ಸುಡತೈತಿ. ಮುಂದಿನ ಗಾಲಿ ಎರಡೂ ಇವರು ಹಿಂದ ಬಡಿಗ್ಯಾರ ಕಡೆ ಮಾಡಿಸಿಟ್ಟ ದಪ್ಪ ಹಲಗಿ ಮ್ಯಾಲ ಏರಿಸಿದೆ. ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಬಂದ್ ಮಾಡಿ, ಮೊದಲ ಗೇರಿಗೆ ಹಾಕಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ. ಬರೇ ಜಾಕ್ ಮ್ಯಾಲ ನಿಂತ ಗಾಡಿ ಕೆಳಗ ಯಾರೂ ಹೋಗಬಾರದು, ಜಾಕ್ ಜಾರಿದ್ರ ಜೀವಾನ ಹೋಗತೈತಿ. ಮ್ಯಾಲಿನ ಮುಚ್ಚಳ ಸಡ್ಲ ಮಾಡಿ, ಕೆಳಗ ಹಳೇ ಪರಾತ ಇಟ್ಟು, ತಳದ ಬೋಲ್ಟಿಗೆ ಪಾನಾ ಹಾಕಿದೆ. ಮದಲನೇ ಸಲಾ ಬೋಲ್ಟ್ ಪರಾತದಾಗ ಬಿದ್ದು, ಎಣ್ಣಿಯಾಗ ಕೈ ಹಾಕಿ ಹುಡಕಿದ್ದೆ. ಈ ಸಲಾ ಬೀಳಲಿಲ್ಲ.

ಎಣ್ಣಿ ಪೂರ್ತಿ ಇಳಿಯಾಕ ಇಪ್ಪತ್ತು ನಿಮಿಷ ಬಿಟ್ಟೆ. ಹಳೇ ಫಿಲ್ಟರ್ ತಗದೆ, ಅದರ ರಬ್ಬರ್ ಬಳಿ ಇಂಜಿನ್ನಿಗೆ ಹತ್ತಿ ಉಳದಿಲ್ಲ ಅಂತ ನೋಡಿದೆ. ಹೊಸಾ ಫಿಲ್ಟರಿನ ಬಳಿಗೆ ಬೆರಳಿಲೆ ಒಂಚೂರು ಹೊಸಾ ಎಣ್ಣಿ ಸವರಿ ಕೈಲೇನ ತಿರುವಿದೆ. ಬಳಿ ಮುಟ್ಟಿದ ಮ್ಯಾಲ ಮುಕ್ಕಾಲು ಸುತ್ತು, ಅಷ್ಟ. ತಳದ ಬೋಲ್ಟಿಗೆ ಹೊಸಾ ವಾಶರ್ ಹಾಕಿ ಬಿಗದೆ. ಮೂರು ಲೀಟರಿನ ಡಬ್ಬಿ ತಂದಿದ್ವಿ, ಒಮ್ಮೆಲೆ ಎಲ್ಲಾ ಸುರವಲಿಲ್ಲ. ಯಾವ ಗ್ರೇಡು, ಎಷ್ಟು ಅನ್ನೂದು ಗಾಡಿ ಜೋಡಿ ಬಂದ ಪುಸ್ತಕದಾಗ ನೋಡ್ರಿ, ಅಂಗಡಿಯಾವ ಕೊಟ್ಟದ್ದು ತರಬ್ಯಾಡ್ರಿ. ಒಂದು ನಿಮಿಷ ಚಾಲೂ ಮಾಡಿದೆ. ಕೆಂಪು ದೀಪ ಆರಿತು. ಕೆಳಗ ಸೋರಾಕ ಹತ್ತಿಲ್ಲ ಅಂತ ನೋಡಿ, ಬಂದ್ ಮಾಡಿ, ಗಾಡಿ ಹಲಗಿ ಮ್ಯಾಲಿಂದ ಸಪಾಟ ನೆಲಕ್ಕ ಇಳಿಸಿದೆ.

ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಬೇಕಂತ ಹೋದೆ. ಅಷ್ಟರಾಗ ಇವರು ಕುರ್ಚಿಯಿಂದ ಎದ್ದು ಬಂದಿದ್ರು. ಒಂದು ಕೈಲೆ ಗಾಡಿ ಹಿಡದು ನಿಂತು, "ಅರಿವಿ ತಾ" ಅಂದ್ರು. ಕಡ್ಡಿ ಒರಸಿ, ಹಾಕಿ, ತಗದು, ಬೆಳಕಿಗೆ ಹಿಡದು ನೋಡಿದ್ರು. "ಇನ್ನೂ ಒಂಚೂರು ಹಾಕು. ಭಾಳ ಬ್ಯಾಡ, ಮ್ಯಾಲಿನ ಗೀಟು ದಾಟಬಾರದು" ಅಂದ್ರು. ಹಾಕಿದೆ.

ಇಳಸಿದ ಎಣ್ಣಿ ಮುಚ್ಚಳ ಇರೂ ಕ್ಯಾನಿನ್ಯಾಗ ತುಂಬಿ ಇಟ್ಟೇನಿ. ಮದಲ ನಮ್ಮ ತವರಾಗ ಇಂಥಾ ಎಣ್ಣಿ ಬಂಡಿಗೆ ಕೀಲೆಣ್ಣಿ ಆಗತಿತ್ತು, ಗೆದ್ಲಕ್ಕ ಕಂಬಕ್ಕ ಬಳೀತಿದ್ರು. ಈಗ ಹಂಗ ಮಾಡಬ್ಯಾಡ್ರಿ, ಗಟಾರಕ್ಕಂತೂ ಸುರವಬ್ಯಾಡ್ರಿ, ಒಲಿಗೆ ಹಾಕಿ ಸುಡಬ್ಯಾಡ್ರಿ. ಬಳಸಿದ ಎಣ್ಣಿ ಅಪಾಯದ ಕಸ ಅಂತ 2016ರ ಸರ್ಕಾರಿ ನಿಯಮದಾಗ ಐತಿ. ಗ್ಯಾರೇಜಿನವರು ಡ್ರಮ್ಮಿನ್ಯಾಗ ಕೂಡಿಸಿ ಶುದ್ಧ ಮಾಡಾವರಿಗೆ ಕಳಸತಾರ. ಹಂಗ ಕಳಸೂ ಗ್ಯಾರೇಜ್ ಯಾವುದಂತ ಕೇಳಿಕೊಂಡು ಅಲ್ಲೇ ಕೊಟ್ಟು ಬರ್ರಿ.

ಸಂಜೀಕ ಕೈಗೆ ಹತ್ತಿದ ಕಪ್ಪು ಹೋಗಲಿ ಅಂತ ಕಡ್ಲಿ ಹಿಟ್ಟು ಹಚಗೊಂಡು ತಿಕ್ಕಾಕ ಹತ್ತಿದ್ದೆ. ಇವರು ನೋಟಬುಕ್ ತಗೊಂಡು ಬರದ್ರು. ಆಮ್ಯಾಲ ನಾನು ಕದ್ದು ನೋಡಿದೆ. ತಾರೀಖು, ಕಿಲೋಮೀಟರ್, ಎಣ್ಣಿ, ಫಿಲ್ಟರ್ ಹೊಸಾದು. ಕೆಳಗ ಸಣ್ಣ ಅಕ್ಷರದಾಗ ಇನ್ನೊಂದು ಸಾಲು ಇತ್ತು: "ಫ್ಲಶ್ ಮಾಡಿಲ್ಲ. ಇಕಿ ಹಟ."