ಉಣ್ಣೆ ಇರೋ ಟಗರು ಬೇಕಾಗಿದೆ

ಮೊದಲೇ ಹೇಳಿಬಿಡ್ತೀನಿ, ನಮ್ಮ ಮನೇಲಿ ಅಲ್ಪಾಕಾ ಇಲ್ಲ. ಇರೋದು ಆರು ಡೆಕ್ಕನಿ ಕುರಿ. ಆದರೂ ಆಫೀಸ್ ಗ್ರೂಪಿನಲ್ಲಿ ಇವುಗಳ ಫೋಟೋ ಹಾಕಿದಾಗೆಲ್ಲ ಯಾರಾದರೂ ಒಬ್ಬರು "ಅಲ್ಪಾಕಾ ತಗೊಳ್ಳೇ, ಎಷ್ಟು ಮುದ್ದಾಗಿರ್ತವೆ" ಅಂತ ರೀಲ್ ಕಳಿಸ್ತಾರೆ. ಮುದ್ದಾಗಿರೋದೇನೋ ನಿಜ, ಸಿಟ್ಟು ಬಂದರೆ ಉಗಿಯುತ್ತೆ ಅನ್ನೋದನ್ನ ಬಿಟ್ಟರೆ. ಆದರೆ ಅದು ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ, 3500 ಮೀಟರಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ ಬಾಳಿದ ಪ್ರಾಣಿ. ಬೆಳಗಾವಿ ತಂಪು ಊರು ಅಂತ ನಾವು ಎಷ್ಟೇ ಜಂಬ ಕೊಚ್ಚಿಕೊಂಡರೂ ಇರೋದು 750 ಮೀಟರ್ ಎತ್ತರದಲ್ಲಿ. ಏಪ್ರಿಲ್ ತಿಂಗಳಲ್ಲಿ ಅಷ್ಟು ಉಣ್ಣೆ ಹೊತ್ತ ಜೀವಾನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸೋಕೆ ನನಗಂತೂ ಮನಸ್ಸು ಬರಲ್ಲ.

ವಾರದ ನಾಲ್ಕು ದಿನ ನನ್ನ ಲ್ಯಾಪ್‌ಟಾಪು, ನಾನು ಟಿಳಕವಾಡಿಯಲ್ಲಿ. ಉಳಿದ ದಿನ ಖಾನಾಪುರದ ಹತ್ತಿರ ಅವ್ವನ ಮನೇಲಿ. ಕುರಿ ಅಲ್ಲೇ ಇರೋದು. ಗದ್ದೆ ಕೊಯ್ಲಾದ ಮೇಲೆ ಗೋಕಾಕ ಕಡೆಯಿಂದ ಕುರುಬರೊಬ್ಬರು ಹಿಂಡು ಹೊಡಕೊಂಡು ಬರ್ತಾರೆ. ರಾತ್ರಿ ಕುರಿಗಳನ್ನ ನಮ್ಮ ಗದ್ದೇಲಿ ನಿಲ್ಲಿಸ್ತಾರೆ, ಗೊಬ್ಬರ ನಮಗೆ, ದುಡ್ಡು-ಜೋಳ ಅವರಿಗೆ. ಹೊಲಕ್ಕೆ ಕುರಿ ಬಂದರೆ ಒಳ್ಳೇದು ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿ. ಅಕ್ಕೋಳದಲ್ಲಿ ಹುಟ್ಟಿದ ಬಾಳುಮಾಮಾನ ಹೆಸರಿನ ಕುರಿಗಳು ಊರಿಗೆ ಬಂದರೆ ಜನ ಇವತ್ತಿಗೂ ಕೈಮುಗೀತಾರೆ. ನಾನು ಕಾಕಾ ಅಂತ ಕರೆಯೋ ಈ ಹಿರಿಯರಿಂದಲೇ ಎರಡು ವರ್ಷದ ಹಿಂದೆ ಆರು ಕರಿ ಕುರಿ ಕೊಂಡೆ. ಟಗರು ಇರಲಿಲ್ಲ. ನಿಜ ಹೇಳಬೇಕಂದ್ರೆ ಸಾಕೋದು ಅವ್ವ. ಲಸಿಕೆ, ಜಂತಿನ ಔಷಧಿ, ಹಿಂಡಿ, ಇವುಗಳ ಲೆಕ್ಕ ಇಡೋ ಎಕ್ಸೆಲ್ ಶೀಟ್ ಮಾತ್ರ ನನ್ನದು.

ತೊಂದರೆ ಇರೋದು ಮಳೆಯದು. ಮಲಪ್ರಭೆ ಹುಟ್ಟೋ ಕಣಕುಂಬಿ ಇದೇ ತಾಲೂಕಿನದು. ಜೂನ್‌ನಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡೋದಿಲ್ಲ. ಡೆಕ್ಕನಿ ಕುರಿ ಒಣ ಸೀಮೆಯದು. ಬಿಸಿಲು ತಡೆಯುತ್ತೆ, ಮೈಲುಗಟ್ಟಲೆ ನಡೆಯುತ್ತೆ, ಕೆಸರಿನಲ್ಲಿ ಮಾತ್ರ ಸೋಲುತ್ತೆ.

"ತಂಗಿ, ಈ ಮಳ್ಯಾಗ ಇವು ಬಾಳಂಗಿಲ್ಲ, ಗೊರಸಿನ ಸಂದಿ ಕೊಳಿತಾವ. ಜೂನದಾಗ ನನ್ನ ಹಿಂಡಿಗೆ ಬಿಡು, ದೀಪಾವಳಿಗೆ ಹೊಳ್ಳಿ ಒಯ್ಯಿ" ಅಂದಿದ್ರು ಕಾಕಾ. ಹೋದ ವರ್ಷದ ಮೇ ತಿಂಗಳಲ್ಲಿ ಟೆಂಪೋ ಹೇಳೋ ಹೊತ್ತಿಗೆ ಅವರ ಹಿಂಡನ್ನ ಸರಿಯಾಗಿ ನೋಡಿದೆ. ಟಗರುಗಳೆಲ್ಲ ಎತ್ತರದ, ಬಾಗಿದ ಮೂಗಿನ ಮಾಡಗ್ಯಾಳ ಜಾತಿಯವು. ಜತ್ತ ತಾಲೂಕಿನ ಈ ತಳಿ ಮಾಂಸಕ್ಕೆ ಹೆಸರುವಾಸಿ, ಮೈಮೇಲೆ ಉಣ್ಣೆ ಅಷ್ಟಕ್ಕಷ್ಟೇ. ಕುರಿ ಬೆದೆಗೆ ಬರೋದೂ ಮಳೆಗಾಲದಲ್ಲೇ. ಅಂದ್ರೆ ನನ್ನ ಆರು ಕುರಿ ಅಲ್ಲಿ ನಾಲ್ಕು ತಿಂಗಳಿದ್ದರೆ, ಹುಟ್ಟೋ ಮರಿಗಳ ಮೈಮೇಲೆ ಅವರವ್ವಂದಿರ ಉಣ್ಣೆ ಇರಲ್ಲ.

"ಮರಿ ಜಲ್ದಿ ಬೆಳಿತಾವ, ಛಲೋ ರೇಟ್ ಬರ್ತೈತಿ."

"ಉಣ್ಣಿ, ಕಾಕಾ?"

"ಉಣ್ಣಿ ಯಾರು ಕೇಳ್ತಾರ? ಕತ್ತರಸೋ ಕೂಲಿನೂ ಹುಟ್ಟಂಗಿಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಅರ್ಧ ಕಿಲೋ ಆಸುಪಾಸು ಸಿಗುತ್ತೆ. ಅದೂ ಒರಟು, ಎಳೆ ಅಲ್ಪಾಕಾದ್ದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ದಪ್ಪ. ಅದರಲ್ಲಿ ಸ್ವೆಟರ್ ಹೆಣೆದು ಹಾಕಿಕೊಂಡರೆ ಮೀಟಿಂಗ್ ಪೂರ್ತಿ ಮೈ ಕೆರಕೊಳ್ಳಬೇಕು. ಅದು ಕಂಬಳಿಯ ಉಣ್ಣೆ. ಕುಣಿಮಗ್ಗದಲ್ಲಿ ನೇಯೋ ಮೊದಲು ನೂಲಿಗೆ ಹುಣಸೆಬೀಜದ ಗಂಜಿ ಕೊಡ್ತಾರೆ, ಬಿಗಿಯಾಗಿ ನೇಯ್ದ ಕಂಬಳಿಯ ಮೇಲೆ ಮಳೆ ನೀರು ಜಾರಿ ಹೋಗುತ್ತೆ. ನಮ್ಮ ಅಜ್ಜ ನಾಟಿ ಮಾಡ್ತಿದ್ದದ್ದು ಅಂಥದ್ದೇ ಕಂಬಳಿಯ ಕೊಪ್ಪೆ ಹಾಕಿಕೊಂಡು. ಈ ಮಳೇಲಿ ಕುರಿ ನಿಲ್ಲಲ್ಲ, ಅದರ ಉಣ್ಣೆ ನಿಲ್ಲುತ್ತಿತ್ತು. ಈಗ ಗದ್ದೆ ತುಂಬ ನೀಲಿ ಪ್ಲಾಸ್ಟಿಕ್ಕು. 2025ರಲ್ಲಿ ಡೆಕ್ಕನಿ ಉಣ್ಣೆ ಕುರಿತ 'ದೇಸಿ ಊನ್' ಅನ್ನೋ ಅನಿಮೇಷನ್ ಚಿತ್ರಕ್ಕೆ ಫ್ರಾನ್ಸಿನ ಆನೆಸಿ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ನಾವೆಲ್ಲ ಶೇರ್ ಮಾಡಿದ್ವಿ. ಅವ್ವನ ಅಟ್ಟದ ಮೇಲಿನ ಉಣ್ಣೆ ಚೀಲ ಮಾತ್ರ ಅಲ್ಲೇ ಇದೆ.

ಕಾಕಾನ ಲೆಕ್ಕ ತಪ್ಪು ಅಂತ ಹೇಳೋಕೆ ನಾನ್ಯಾರು? ಅವರಿಗೆ ಸಂಸಾರ ನಡೀಬೇಕು, ನನಗೆ ತಿಂಗಳ ಸಂಬಳ ಇದೆ. ಹಾಗಂತ ಕರಿ ಉಣ್ಣೆಯ ಕುರಿ ನಮ್ಮ ಹಿತ್ತಲಲ್ಲೇ ಮುಗಿದು ಹೋಗೋದನ್ನ ನೋಡೋಕೂ ಆಗಲಿಲ್ಲ. ಕೊನೆಗೆ ಒಂದು ಒಪ್ಪಂದ ಆಯ್ತು. ಕಾಕಾನ ಊರಿನ ಮನೆಯ ದೊಡ್ಡಿಯಲ್ಲಿ, ಹಿಂಡಿನ ಜೊತೆ ಅಷ್ಟು ದೂರ ನಡೆಯಲಾಗದ ನಾಲ್ಕು ಹಳೇ ಕುರಿ ಇವೆ, ಅವರ ತಾಯಿ ನೋಡಿಕೊಳ್ತಾರೆ. ನನ್ನವೂ ಅಲ್ಲೇ ಇರೋದು, ಮೇವಿನ ಖರ್ಚು ನನ್ನದು. ಉಣ್ಣೆ ಇರೋ ಟಗರು ಕಾಕಾ ಹುಡುಕಬೇಕು, ದುಡ್ಡು ನಾನು ಹಾಕಬೇಕು, ಮರಿ ಅರ್ಧರ್ಧ ಪಾಲು.

ಅಂಥಾ ಟಗರು ಸಿಗೋಕೆ ಮೂರು ವಾರ ಹಿಡೀತು. ಕುರಿಗಾರರ ಹತ್ತಿರವೇ ಇಲ್ಲ ಅಂದ್ರೆ ನಂಬ್ತೀರಾ? ಕಡೆಗೆ ಅಥಣಿ ಕಡೆ ಒಂದು ಸಿಕ್ತು. ಕರಿದು, ಗುಂಗುರು ಉಣ್ಣೆ, ವಿಪರೀತ ಸಿಟ್ಟು. ಅಲ್ಪಾಕಾ ಆಗಿದ್ದರೆ ಖಂಡಿತ ಉಗೀತಿತ್ತು, ಇದು ಹಾಯುತ್ತೆ.

ಅಲ್ಪಾಕಾ ಗಬ್ಬ ಆದರೆ ಹತ್ತಿರ ಹತ್ತಿರ ಹನ್ನೊಂದೂವರೆ ತಿಂಗಳು ಕಾಯಬೇಕು. ಕುರಿಗೆ ಐದು ತಿಂಗಳು ಸಾಕು. ಡಿಸೆಂಬರ್‌ನಲ್ಲಿ ಅವ್ವನ ಮನೇಲಿ ನಾಲ್ಕು ಮರಿ ಹುಟ್ಟಿದವು, ಎರಡು ಹೆಣ್ಣು, ಎರಡು ಗಂಡು. ನಾಲ್ಕೂ ಕರಿ. ಹಾಲು ಬಿಟ್ಟ ಮೇಲೆ ಪಾಲು ಮಾಡಬೇಕು. ಗದ್ದೆಗೆ ಹಿಂಡು ಬಂದಾಗ ಕಾಕಾ ಮರಿಗಳ ಬೆನ್ನು ಸವರಿ ನೋಡಿದ್ರು. ಗಂಡುಮರಿ ಮಾರ್ತೀನಿ, ಹೆಣ್ಣುಮರಿ ಮನೇಲೇ ಇರಲಿ ಅಂದಿದ್ದಾರೆ.