ಅರವತ್ತು ನಾಣ್ಯ, ಇಪ್ಪತ್ತೂವರೆ ರೂಪಾಯಿ

ಎದುರುಮನೆ ಹುಡುಗ ಈ ಸಲ ಎಸ್ಸೆಸ್ಸೆಲ್ಸಿ. ಮೊನ್ನೆ ಸಂಜೆ ಲೆಕ್ಕದ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದ. ಡಬ್ಬಿಯಲ್ಲಿ ಇಷ್ಟು ನಾಣ್ಯ, ಒಟ್ಟು ಇಷ್ಟು ರೂಪಾಯಿ. ಐದರವು ಎಷ್ಟು, ಹತ್ತರವು ಎಷ್ಟು? ಎಕ್ಸ್ ಅಂತೆ, ವೈ ಅಂತೆ, ವರ್ಜಿಸುವ ವಿಧಾನವಂತೆ. ಅವನ ತಕರಾರೇ ಬೇರೆ: ‘ನಾಣ್ಯ ಎಣಿಸಿ ದುಡ್ಡೂ ಕೂಡಿಸಿದವನಿಗೆ ಯಾವುದು ಎಷ್ಟಿತ್ತು ಅಂತ ಗೊತ್ತಿರಲ್ವಾ ಮಾವ?’

ನ್ಯಾಯವಾದ ಮಾತೇ. ಆದರೆ ನನಗೆ ಸಾಲಿಗ್ರಾಮದ ಯೋಗಾನರಸಿಂಹಸ್ವಾಮಿ ಗುಡಿ ಬೀದಿಯಲ್ಲಿದ್ದ ನಮ್ಮಜ್ಜಿಯ ಎಲೆಅಡಿಕೆ ಅಂಗಡಿ ನೆನಪಾಯಿತು. ಅಜ್ಜಿಗೆ ಅಕ್ಷರ ಬಾರದು. 1957ರಲ್ಲಿ ನಯಾಪೈಸೆ ಬಂದರೂ ಅವಳ ಬಾಯಲ್ಲಿ ಕೊನೆವರೆಗೂ ಆಣೆಯೇ. ರಾತ್ರಿ ಡಬ್ಬಿಯ ಚಿಲ್ಲರೆಯನ್ನು ಮೊರಕ್ಕೆ ಸುರಿದು ಎರಡೇ ಸಂಗತಿ ನೆನಪಿಟ್ಟುಕೊಳ್ಳುತ್ತಿದ್ದಳು: ನಾಣ್ಯ ಎಷ್ಟು, ದುಡ್ಡು ಎಷ್ಟು. ಒಂದು ರಾತ್ರಿ ನಾಲ್ಕಾಣೆ, ಎಂಟಾಣೆ ಸೇರಿ 60 ನಾಣ್ಯ, ಇಪ್ಪತ್ತೂವರೆ ರೂಪಾಯಿ. ಬೆಳಿಗ್ಗೆ ನಾನು ಒಂದು ಎಂಟಾಣೆ ಎಗರಿಸಿ, ಎಣಿಕೆ ತಪ್ಪದಿರಲಿ ಅಂತ ನನ್ನ ನಾಲ್ಕಾಣೆ ಹಾಕಿಟ್ಟೆ.

‘ಎಣಿಕೆ ಸರಿಯಾಗೇ ಅದೆ, ಕಾಸು ಸರಿಯಾಗಿಲ್ಲ. ಎಂಟಾಣೆ ನುಂಗಿ ನಾಲ್ಕಾಣೆ ಕಕ್ಕಿದ್ದೀಯ ಕಣ್ಲಾ!’

ಮೊದಲ ಸಮೀಕರಣಕ್ಕೆ ಟೋಪಿ ಹಾಕಿದ್ದೆ; ಎರಡನೆಯದು ಕಿವಿ ಹಿಂಡಿತು.

ಆಮೇಲೆ ಅವಳೇ ಹೇಳಿಕೊಟ್ಟಳು. ಎಲ್ಲಾ ನಾಲ್ಕಾಣೆ ಅಂದ್ಕೊ: ಅರವತ್ತಕ್ಕೆ ಹದಿನೈದು ರೂಪಾಯಿ. ಮೇಲೆ ಮಿಕ್ಕಿದ್ದು ಐದೂವರೆ. ಒಂದೊಂದು ಎಂಟಾಣೆಯೂ ನಾಲ್ಕಾಣೆ ಹೆಚ್ಚಿಗೆ ಹೊತ್ಕೊಂಡು ಕೂತಿರುತ್ತೆ. ಅಲ್ಲಿಗೆ ಎಂಟಾಣೆ 22, ನಾಲ್ಕಾಣೆ 38. ವರ್ಜಿಸುವುದು ಅಂದರೆ ಇಷ್ಟೇ.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನೇ ಹಣ್ಣಿನಲ್ಲಿ ಕೇಳಿದ್ದಾರೆ. ಒಂಬತ್ತು ಮಾದಲ, ಏಳು ಬೇಲಕ್ಕೆ 107. ಏಳು ಮಾದಲ, ಒಂಬತ್ತು ಬೇಲಕ್ಕೆ 101. ಕೂಡಿಸಿದರೆ ಹದಿನಾರು ಜೋಡಿಗೆ 208, ಜೋಡಿಗೆ 13. ಕಳೆದರೆ ಎರಡು ಮಾದಲಕ್ಕೆ ಎರಡು ಬೇಲಕ್ಕಿಂತ 6 ಹೆಚ್ಚು. ಮಾದಲ 8, ಬೇಲ 5. ಇಲ್ಲಿ ಹುಡುಗನ ತಕರಾರೂ ನಡೆಯದು. ಹಣ್ಣನ್ನು ಎಷ್ಟು ಸಲ ಎಣಿಸಿದರೂ ಅದರ ಬೆಲೆ ತಿಳಿಯದಲ್ಲ!

ಅಜ್ಜಿಯ ಆ ಡಬ್ಬಿ ಇವತ್ತು ಹಾಗೇ ಸಿಕ್ಕಿದರೂ ಇಪ್ಪತ್ತೂವರೆ ಹುಟ್ಟುವುದಿಲ್ಲ. ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೇ ಮುಗಿಯಿತು. ಎಂಟಾಣೆಗೆ ಕಾನೂನಿನ ಬೆಲೆ ಇನ್ನೂ ಇದೆ, ಅಂಗಡಿಯವರು ಮಾತ್ರ ಮುಟ್ಟುವುದಿಲ್ಲ. ಮುಟ್ಟಿದರೆ, ಹನ್ನೊಂದು ರೂಪಾಯಿ.